ಕಟ್ಟುನಿಟ್ಟಿನ ಪಥ್ಯಕ್ಕೆ ಬಳಗದ ಬಲ

ಕ್ಯಾಸನೂರು ಎಂಬ ಹೆಸರು ವೈದ್ಯಶಾಸ್ತ್ರದ ಗ್ರಂಥಗಳಿಗೆ ಸೇರಿದ್ದು 1957ರಲ್ಲಿ. ಸೊರಬ ತಾಲ್ಲೂಕಿನ ಈ ಊರಿನ ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಸೌದೆ, ಸೊಪ್ಪಿಗೆಂದು ಕಾಡಿಗೆ ಹೋಗಿ ಬಂದವರು ಜ್ವರದಿಂದ ಹಾಸಿಗೆ ಹಿಡಿದರು. ಪುಣೆಯ ವೈರಾಣು ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಬಂದು ಉಣುಗುಗಳಿಂದ ಹರಡುವ ಹೊಸ ವೈರಾಣುವನ್ನು ಗುರುತಿಸಿದರು, ಅದಕ್ಕೆ ಈ ಊರಿನ ಹೆಸರನ್ನೇ ಇಟ್ಟರು. ಆ ಕಾಯಿಲೆಯೊಡನೆ ಆರು ದಶಕಗಳಿಗೂ ಮೀರಿ ಬಾಳಿದ ಈ ಸೀಮೆಯ ಜನರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. ಕಾಡಿನಲ್ಲಿ ಸತ್ತ ಮಂಗವನ್ನು ಕಂಡವರು ಸುಮ್ಮನೆ ಮನೆಗೆ ಬಂದು ಮಲಗಿದರೆ ಊರು ಉಳಿಯುವುದಿಲ್ಲ. ಆಶಾ ಕಾರ್ಯಕರ್ತೆಗೋ ಪಂಚಾಯಿತಿಗೋ ತಿಳಿಸಲೇಬೇಕು. ಅಲ್ಲಿ ಒಬ್ಬರ ಎಚ್ಚರ ಹತ್ತು ಮನೆಗಳ ರಕ್ಷಣೆ.

ಇಂದು ನಮ್ಮ ಮನೆಗಳ ಗೂಡಿನಲ್ಲಿ ಮಾತ್ರೆಯ ಡಬ್ಬಿ ಬಂದು ಕೂತಿರುವುದು ಮಾತ್ರ ಬೇರೊಂದು ಕಾಯಿಲೆಯ ದೆಸೆಯಿಂದ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಶೇಕಡ 11.4 ಮಂದಿಗೆ ಸಕ್ಕರೆ ಕಾಯಿಲೆಯಿದೆ, ಶೇಕಡ 15.3 ಮಂದಿ ಅದರ ಹೊಸ್ತಿಲಲ್ಲಿ ನಿಂತಿದ್ದಾರೆ. ಹೊಟ್ಟೆಯ ಸುತ್ತ ಬೊಜ್ಜು ಬೆಳೆದವರು ಶೇಕಡ 39.5. ಭಾರತೀಯ ಪುರುಷರ ಸೊಂಟದ ಸುತ್ತಳತೆ 90 ಸೆಂಟಿಮೀಟರ್ ದಾಟಬಾರದು, ಮಹಿಳೆಯರದು 80 ದಾಟಬಾರದು ಎಂಬುದು ವೈದ್ಯರು ಹಾಕಿರುವ ಗೆರೆ. ಹೊಲಿಗೆಯ ಟೇಪು ಇಲ್ಲದ ಮನೆ ಅಪರೂಪ. ಓದುವುದನ್ನು ಒಂದು ನಿಮಿಷ ನಿಲ್ಲಿಸಿ ಅಳೆದುಕೊಂಡರೆ ಈ ಲೇಖನ ಯಾರಿಗಾಗಿ ಎಂಬುದು ಓದುಗರಿಗೇ ತಿಳಿದೀತು.

ಇಂಥ ಮನೆಗಳಿಗೆ ಈಚಿನ ವರ್ಷಗಳಲ್ಲಿ ಊಟದ ಬದಲು ಕುಡಿಯುವ ಪುಡಿಯ ಡಬ್ಬಿಯೂ ಬರತೊಡಗಿದೆ. ಬೆಂಗಳೂರಿನಲ್ಲಿರುವ ಮಗ ತಂದಿರಬಹುದು, ವೈದ್ಯರೇ ಸೂಚಿಸಿರಬಹುದು, ಪರಿಚಯದ ಮಾರಾಟಗಾರರು ಒಪ್ಪಿಸಿಯೂ ಇರಬಹುದು. ಸಂಪೂರ್ಣ ಬದಲಿ ಆಹಾರದ ಪಥ್ಯವೆಂದರೆ ರೊಟ್ಟಿ, ಅನ್ನ, ಪಲ್ಯಗಳೆಲ್ಲವನ್ನೂ ಕೆಲವು ವಾರ ಬಿಟ್ಟು, ಒಂದೊಂದು ಲೋಟಕ್ಕೆ ಸುಮಾರು 200 ಕ್ಯಾಲೊರಿಯಂತೆ ದಿನಕ್ಕೆ ನಾಲ್ಕು ಲೋಟ ಕುಡಿಯುವುದು. ಅದರಲ್ಲಿ ಪ್ರೋಟೀನು, ಜೀವಸತ್ವಗಳು, ಖನಿಜಗಳು ಲೆಕ್ಕ ಹಾಕಿ ಸೇರಿರುತ್ತವೆ. ದಿನದ ಒಟ್ಟು ಮೊತ್ತ 800ರಿಂದ 850 ಕ್ಯಾಲೊರಿ. ಅಷ್ಟು ಎಂದರೆ ಎಷ್ಟು? ಬೇಯಿಸಿದ ಬರಿಯ ಅನ್ನವನ್ನೇ ಉಂಡರೂ 650 ಗ್ರಾಂಗೆ ಆ ಲೆಕ್ಕ ಮುಗಿಯುತ್ತದೆ. ಸಾರಿಲ್ಲ, ತುಪ್ಪವಿಲ್ಲ, ಬೆಳಗಿನ ಚಹಾದ ಸಕ್ಕರೆಯೂ ಇಲ್ಲ. ಇದು ಸುಲಭದ ಮಾತಲ್ಲ.

ಸುಲಭವಲ್ಲದಿದ್ದರೂ ಇದನ್ನು ಹುಚ್ಚಾಟವೆಂದು ತಳ್ಳಿಹಾಕುವಂತಿಲ್ಲ. ಬ್ರಿಟನ್ನಿನಲ್ಲಿ ನ್ಯೂಕ್ಯಾಸಲಿನ ರಾಯ್ ಟೇಲರ್ ಮತ್ತು ಗ್ಲಾಸ್ಗೋದ ಮೈಕ್ ಲೀನ್ ಎಂಬ ವೈದ್ಯರ ನೇತೃತ್ವದಲ್ಲಿ ಸುಮಾರು 300 ಮಂದಿ ಸಕ್ಕರೆ ಕಾಯಿಲೆಯವರ ಮೇಲೆ ನಡೆದ ‘ಡೈರೆಕ್ಟ್’ ಎಂಬ ಅಧ್ಯಯನದ ಫಲಿತಾಂಶ 2017ರಲ್ಲಿ ಹೊರಬಂತು. ಕಾಯಿಲೆ ಕಾಣಿಸಿ ಆರು ವರ್ಷ ಮೀರದ, ಇನ್ಸುಲಿನ್ ತೆಗೆದುಕೊಳ್ಳದ ಜನ ಅವರು. ಅವರಲ್ಲಿ ಅರ್ಧದಷ್ಟು ಮಂದಿಗೆ ಮೂರರಿಂದ ಐದು ತಿಂಗಳು ಬದಲಿ ಆಹಾರವನ್ನಷ್ಟೇ ಕೊಟ್ಟು, ಆಮೇಲೆ ಮೆಲ್ಲನೆ ಊಟಕ್ಕೆ ಮರಳಿಸಿದರು. ವರ್ಷದ ಕೊನೆಗೆ ಅವರಲ್ಲಿ ಶೇಕಡ 46 ಮಂದಿಗೆ ಮಾತ್ರೆಯಿಲ್ಲದೆಯೇ ಸಕ್ಕರೆಯ ಪ್ರಮಾಣ ಕಾಯಿಲೆಯ ಗೆರೆಗಿಂತ ಕೆಳಗಿತ್ತು. ಎಂದಿನ ಚಿಕಿತ್ಸೆಯಲ್ಲಿದ್ದವರಲ್ಲಿ ಹಾಗಾದದ್ದು ಶೇಕಡ 4 ಮಂದಿಗೆ ಮಾತ್ರ. 15 ಕಿಲೊ ಅಥವಾ ಅದಕ್ಕಿಂತ ಹೆಚ್ಚು ತೂಕ ಇಳಿಸಿದವರಲ್ಲಂತೂ ಶೇಕಡ 86 ಮಂದಿ ಈ ಸ್ಥಿತಿ ತಲುಪಿದ್ದರು. ಒಮ್ಮೆ ಬಂದರೆ ಬದುಕಿರುವವರೆಗೂ ಬಿಡದು ಎಂದುಕೊಂಡಿದ್ದ ಕಾಯಿಲೆ ಹೀಗೆ ಹಿಂದೆ ಸರಿದದ್ದು ಜಗತ್ತಿನ ವೈದ್ಯರಿಗೆಲ್ಲ ದೊಡ್ಡ ಸುದ್ದಿಯಾಯಿತು.

ಅದೇ ಅಧ್ಯಯನದ ಮುಂದಿನ ಪುಟಗಳನ್ನೂ ನಾವು ಓದಬೇಕು. ಎರಡನೆಯ ವರ್ಷದ ಕೊನೆಗೆ ಶೇಕಡ 46 ಇದ್ದದ್ದು 36ಕ್ಕೆ ಇಳಿಯಿತು. ನಂತರದ ಅವಧಿಗೂ ಒಪ್ಪಿ ಉಳಿದವರಲ್ಲಿ ಐದನೆಯ ವರ್ಷದ ಹೊತ್ತಿಗೆ ಆ ಸ್ಥಿತಿಯಲ್ಲಿದ್ದವರು ಶೇಕಡ 13. ತೂಕ ಮರಳಿದಂತೆಲ್ಲ ಕಾಯಿಲೆಯೂ ಮರಳಿತು. ಪುಡಿ ತನ್ನ ಕೆಲಸವನ್ನು ಮಾಡಿಯೇ ಮಾಡುತ್ತದೆ. ಅದನ್ನು ಕುಡಿಯುತ್ತ ಹನ್ನೆರಡು ವಾರ ನಿಲ್ಲುವುದು ಹೇಗೆ, ನಿಂತ ಮೇಲೆ ತಟ್ಟೆಯ ಮುಂದೆ ಮತ್ತೆ ಕೂರುವುದು ಹೇಗೆ ಎಂಬ ಎರಡು ಪ್ರಶ್ನೆಗಳಿಗೆ ಡಬ್ಬಿಯೊಳಗೆ ಉತ್ತರವಿಲ್ಲ.

ಹಸಿವಿಗಿಂತ ದೊಡ್ಡ ಅಡಚಣೆ

ಉಪವಾಸ ನಮಗೆ ಹೊಸದಲ್ಲ. ಶಿವರಾತ್ರಿಯ ನಿರಾಹಾರ, ಶ್ರಾವಣ ಸೋಮವಾರದ ಒಪ್ಪೊತ್ತು ನಮ್ಮ ಮನೆಗಳಲ್ಲಿ ಮಕ್ಕಳಿಗೂ ತಿಳಿದ ಸಂಗತಿ. ಶಿಕಾರಿಪುರ ತಾಲ್ಲೂಕಿನ ಉಡುತಡಿಯಲ್ಲಿ ಹುಟ್ಟಿದ ಅಕ್ಕಮಹಾದೇವಿ ಹಸಿವನ್ನೇ ಎದುರಿಗೆ ನಿಲ್ಲಿಸಿಕೊಂಡು ಮಾತನಾಡಿಸಿದ ಶರಣೆ. ಪಥ್ಯ ಹಿಡಿದವರಿಗೆ ಮೊದಲ ನಾಲ್ಕೈದು ದಿನ ತಲೆನೋವು, ಸುಸ್ತು, ಸಿಡುಕು ಇರುವುದು ನಿಜ. ಅದನ್ನು ದಾಟಿದ ಮೇಲೆ ಹಸಿವು ಮೊದಲಿನಷ್ಟು ಕಾಡದು ಎಂದು ಹಲವರು ಹೇಳುತ್ತಾರೆ.

ಆದರೆ ವ್ರತದ ಉಪವಾಸಕ್ಕೂ ಈ ಪಥ್ಯಕ್ಕೂ ಒಂದು ಅಂತರವಿದೆ. ಶಿವರಾತ್ರಿಯಂದು ಮನೆಯವರೆಲ್ಲ ಹಸಿದಿರುತ್ತಾರೆ, ಒಲೆಯೂ ತಣ್ಣಗಿರುತ್ತದೆ. ಪಥ್ಯದವರಾದರೋ ಒಬ್ಬರೇ. ಸುತ್ತ ಎಲ್ಲರೂ ಉಣ್ಣುತ್ತಿರುವಾಗ ಅವರ ಕೈಯಲ್ಲಿ ಒಂದು ಲೋಟ. ಅದೂ ಎಂಬತ್ತನಾಲ್ಕು ದಿನ.

ಇನ್ನು ನಮ್ಮ ಸತ್ಕಾರದ ರೀತಿ. ಬಂದವರಿಗೆ ಉಣಬಡಿಸದೆ ಕಳಿಸುವುದು ನಮ್ಮ ಮನೆತನಗಳಿಗೆ ಕೀಳೆನಿಸುತ್ತದೆ. ಪಥ್ಯ ಎಂದು ತಿಳಿದೂ “ಇವತ್ತೊಂದಿನ ಉಣ್ರೀ, ನಾಳೆಯಿಂದ ಮಾಡೀರಂತೆ” ಎಂದು ಹೋಳಿಗೆಯನ್ನು ಹಾಕಿಬಿಡುತ್ತಾರೆ. ಬಡಿಸುವ ಕೈಯಲ್ಲಿ ಪ್ರೀತಿಯಲ್ಲದೆ ಬೇರೇನೂ ಇಲ್ಲ. ಆದುದರಿಂದಲೇ ಅದನ್ನು ತಡೆಯುವುದು ಕಷ್ಟ. ಬಡಿಸಿದ ಮೇಲೆ ಬಿಡುವಂತಿಲ್ಲ, ತಟ್ಟೆಯಲ್ಲಿ ಅಗುಳು ಉಳಿಸುವುದು ಪ್ರಸಾದಕ್ಕೆ ಅಪಚಾರವೆಂದು ಬಾಲ್ಯದಿಂದ ಕಲಿತವರು ನಾವು. ತಡೆಯಲೂ ಆಗದು, ಬಿಡಲೂ ಆಗದು. ಈ ಎರಡರ ನಡುವೆ ಎಷ್ಟೋ ಪಥ್ಯಗಳು ಮುರಿದಿವೆ. ನಮ್ಮ ಅಭಿಪ್ರಾಯದಲ್ಲಿ ಇಲ್ಲಿ ಧರ್ಮಸಂಕಟಕ್ಕೆ ಕಾರಣವೇ ಇಲ್ಲ. ಪ್ರಸಾದವೆಂಬ ಭಾವಕ್ಕೆ ಪ್ರಮಾಣದ ಹಂಗಿಲ್ಲ. ಬೆರಳ ತುದಿಯಷ್ಟನ್ನು ಕಣ್ಣಿಗೊತ್ತಿಕೊಂಡು ಸ್ವೀಕರಿಸಿದರೂ ಅದು ಪ್ರಸಾದವೇ. ಬಿಡುವುದು ತಪ್ಪೆಂದಾದರೆ ಬೇಡವೆಂದವರ ತಟ್ಟೆಗೆ ಹಾಕುವುದೂ ತಪ್ಪಾಗಬೇಕಷ್ಟೆ?

ಪಥ್ಯ ಹಿಡಿದವರು ಮನೆಯ ಗೃಹಿಣಿಯೇ ಆದರೆ ಸ್ಥಿತಿ ಇನ್ನೂ ಕಠಿಣ. ಯಜಮಾನರು ಪಥ್ಯದಲ್ಲಿದ್ದರೆ ಹೆಂಡತಿ ಲೋಟಗಳನ್ನು ಹೊತ್ತು ಹೊತ್ತಿಗೆ ಕಲಸಿ ಕೊಡುತ್ತಾರೆ, ಮನೆಯೆಲ್ಲ ಸದ್ದಡಗಿಸಿ ಸಹಕರಿಸುತ್ತದೆ. ಅದೇ ಹೆಂಡತಿಗೆ ಪಥ್ಯವೆಂದಾದಾಗ ಹಂಚಿನ ಮುಂದೆ ಕುಳಿತು ರೊಟ್ಟಿ ಬಡಿಯುವವರು ಯಾರು? ಅವರೇ. ಎಣ್ಣೆಗಾಯಿಯ ಉಪ್ಪು ನೋಡುವವರು, ಮಕ್ಕಳು ತಟ್ಟೆಯಲ್ಲಿ ಬಿಟ್ಟದ್ದನ್ನು ಚೆಲ್ಲಲಾರದೆ ಬಾಯಿಗೆ ಹಾಕಿಕೊಳ್ಳುವವರೂ ಅವರೇ. ದಿನಕ್ಕೆ ಮೂರು ಹೊತ್ತು ಆಹಾರದ ನಡುವೆ ನಿಂತು ಆಹಾರವನ್ನು ಮುಟ್ಟದಿರಬೇಕೆಂಬ ನಿಯಮವನ್ನು ನಾವು ಯಾವ ವ್ರತಧಾರಿಗೂ ವಿಧಿಸಿಲ್ಲ. ಆ ಹನ್ನೆರಡು ವಾರ ರಾತ್ರಿಯ ಅಡುಗೆಯನ್ನಾದರೂ ಮಗನೋ ಗಂಡನೋ ವಹಿಸಿಕೊಳ್ಳಲಿ. ಉಪ್ಪು ನೋಡುವ ಕೆಲಸ ಅತ್ತೆಯವರದಾಗಲಿ. ಇಷ್ಟಕ್ಕೆ ಸಿದ್ಧವಿಲ್ಲದ ಮನೆ ಡಬ್ಬಿಗೆ ಹಣ ಹಾಕದಿರುವುದೇ ಲೇಸು.

ಹತ್ತು ಜನರ ಮುಂದೆ ಆಡಿದ ಮಾತು

1961ರಲ್ಲಿ ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ ಜೀನ್ ನೈಡೆಚ್ ಎಂಬ ಗೃಹಿಣಿ ತೂಕ ಇಳಿಸಲು ಸರ್ಕಾರಿ ಚಿಕಿತ್ಸಾಲಯಕ್ಕೆ ಹೋದರು. ಅಲ್ಲಿ ಕೊಟ್ಟ ಪಥ್ಯದ ಪಟ್ಟಿ ಚೆನ್ನಾಗಿಯೇ ಇತ್ತು, ತೂಕವೂ ಇಳಿಯತೊಡಗಿತ್ತು. ಆದರೆ ಮನೆಯಲ್ಲಿ ಕದ್ದು ಬಿಸ್ಕತ್ತು ತಿನ್ನುವ ಅಭ್ಯಾಸ ಬಿಡಲಿಲ್ಲ. ಅದನ್ನು ಚಿಕಿತ್ಸಾಲಯದಲ್ಲಿ ಹೇಳಿಕೊಳ್ಳುವ ಧೈರ್ಯವೂ ಬರಲಿಲ್ಲ. ಕಡೆಗೆ ದಪ್ಪಗಿದ್ದ ಆರು ಮಂದಿ ಗೆಳತಿಯರನ್ನು ಮನೆಗೆ ಕರೆದು ಅವರೆದುರು ಹೇಳಿಕೊಂಡರು. ಅವರೂ ತಮ್ಮ ತಮ್ಮ ಕಳ್ಳತನಗಳನ್ನು ಹೇಳಿಕೊಂಡರು. ವಾರ ವಾರ ಸೇರತೊಡಗಿದರು. 1963ರಲ್ಲಿ ಅದು ‘ವೇಟ್ ವಾಚರ್ಸ್’ ಎಂಬ ಸಂಸ್ಥೆಯಾಗಿ ಅನೇಕ ದೇಶಗಳಿಗೆ ಹಬ್ಬಿತು. ಆ ಸಂಸ್ಥೆ 2025ರಲ್ಲಿ ಸಾಲದ ಹೊರೆಯಿಂದ ನ್ಯಾಯಾಲಯದ ಮೊರೆಹೋಗಬೇಕಾದದ್ದು ಬೇರೆ ಕಥೆ. ತೂಕ ಇಳಿಸುವ ಹೊಸ ಚುಚ್ಚುಮದ್ದುಗಳ ಪೈಪೋಟಿಯೂ ಅದಕ್ಕೊಂದು ಕಾರಣ. ಆ ಚುಚ್ಚುಮದ್ದುಗಳೂ ನಿಲ್ಲಿಸಿದ ಮೇಲೆ ತೂಕ ಮರಳುವುದನ್ನು ತಡೆಯಲಾರವು.

ಅಮೆರಿಕಕ್ಕೆ ಹೋಗುವುದೇಕೆ? ಚಿತ್ತರಗಿ-ಇಳಕಲ್ಲಿನ ಡಾ. ಮಹಾಂತ ಸ್ವಾಮೀಜಿಯವರು ಜೋಳಿಗೆ ಹಿಡಿದು ಊರೂರು ತಿರುಗಿ ಜನರ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿದ್ದನ್ನು ನಮ್ಮ ಓದುಗರು ಬಲ್ಲರು. ‘ಮಹಾಂತ ಜೋಳಿಗೆ’ಗೆ ಬೀಡಿ, ಗುಟ್ಕಾ, ಸಾರಾಯಿಗಳನ್ನು ಹಾಕಿ ಇನ್ನು ಮುಟ್ಟುವುದಿಲ್ಲವೆಂದು ಮಾತು ಕೊಟ್ಟವರು ಅಸಂಖ್ಯ. 2018ರಲ್ಲಿ ಲಿಂಗೈಕ್ಯರಾದ ಶ್ರೀಗಳ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯವು ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ. ಆ ಜೋಳಿಗೆಯ ಶಕ್ತಿ ಇದ್ದದ್ದು ಮಾತನ್ನು ಊರ ಮುಂದೆ ಆಡಿಸುವುದರಲ್ಲಿ. ಮನಸ್ಸಿನಲ್ಲಿ ಮಾಡಿದ ಸಂಕಲ್ಪ ಮುರಿದರೆ ಕೇಳುವವರಿಲ್ಲ. ಹತ್ತು ಜನರ ಮುಂದೆ ಆಡಿದ್ದು ಮರುದಿನವೂ ನೆನಪಿರುತ್ತದೆ.

ಆದರೂ ಮದ್ಯಕ್ಕೂ ಊಟಕ್ಕೂ ಒಂದು ದೊಡ್ಡ ವ್ಯತ್ಯಾಸವನ್ನು ಮರೆಯಬಾರದು. ಮದ್ಯವನ್ನು ಪೂರ್ತಿಯಾಗಿ ಬಿಟ್ಟು ಬದುಕಬಹುದು. ಅನ್ನವನ್ನು ಜೋಳಿಗೆಗೆ ಹಾಕಿ ಕೈತೊಳೆದುಕೊಳ್ಳಲಾಗದು. ಹದಿಮೂರನೆಯ ವಾರ ಅದು ಮತ್ತೆ ಎದುರಿಗೆ ಬಂದೇ ಬರುತ್ತದೆ. ಆದುದರಿಂದ ಪಥ್ಯದವರ ಬಳಗಕ್ಕೆ ಮಾತು ಕೊಡಿಸಿ ಕಳಿಸುವ ಒಂದು ದಿನದ ಸಭೆ ಸಾಲದು, ವರ್ಷ ದಾಟಿಯೂ ಸೇರುತ್ತಿರಬೇಕಾಗುತ್ತದೆ.

ಬಳಗವಿದ್ದರೆ ಎಲ್ಲವೂ ಸರಿಹೋದೀತೆಂದು ನಂಬಿಸುವುದು ನಮ್ಮ ಉದ್ದೇಶವಲ್ಲ. ನೆರೆಯ ಕೇರಳದಲ್ಲಿ ತಿರುವನಂತಪುರ ಜಿಲ್ಲೆಯ 60 ಮತಗಟ್ಟೆ ಪ್ರದೇಶಗಳ 1007 ಮಂದಿಯ ಮೇಲೆ ಒಂದು ಪ್ರಯೋಗ ನಡೆದು 2018ರಲ್ಲಿ ವರದಿಯಾಯಿತು. ಅವರೆಲ್ಲ ಸಕ್ಕರೆ ಕಾಯಿಲೆ ಬರುವ ಸಂಭವ ಹೆಚ್ಚಿದ್ದವರು. ಅರ್ಧದಷ್ಟು ಪ್ರದೇಶಗಳಲ್ಲಿ ಅವರ ನಡುವಿನವರನ್ನೇ ಮುಖಂಡರನ್ನಾಗಿ ತಯಾರು ಮಾಡಿ, ನೆರೆಹೊರೆಯ ಗುಂಪುಗಳನ್ನು ಒಂದು ವರ್ಷ ನಡೆಸಿದರು. ಎರಡು ವರ್ಷಗಳಲ್ಲಿ ಗುಂಪಿನಲ್ಲಿದ್ದವರಲ್ಲಿ ಶೇಕಡ 14.9, ಇಲ್ಲದವರಲ್ಲಿ ಶೇಕಡ 17.1 ಮಂದಿಗೆ ಕಾಯಿಲೆ ಬಂತು. ಅಂತರ ಗಟ್ಟಿಯಾಗಿ ಸಾಬೀತಾಗುವಷ್ಟು ದೊಡ್ಡದಾಗಿರಲಿಲ್ಲ. ಹಣ್ಣು ತರಕಾರಿಯ ಸೇವನೆ ಹೆಚ್ಚಿತ್ತು, ಕುಡಿತ ಕಡಿಮೆಯಾಗಿತ್ತು. ಚೆನ್ನೈಯಲ್ಲಿ 578 ಮಂದಿಯ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ವಾರ ವಾರದ ತರಗತಿ, ಬೇಕಾದವರಿಗೆ ಔಷಧಿ ಎರಡೂ ಸೇರಿದ್ದವು. ಅಲ್ಲಿ ಮೂರು ವರ್ಷಗಳಲ್ಲಿ ಕಾಯಿಲೆಯ ಸಂಭವ ಶೇಕಡ 32ರಷ್ಟು ತಗ್ಗಿತು. ಬಳಗ, ಕಟ್ಟುನಿಟ್ಟಿನ ಕಾರ್ಯಕ್ರಮ, ವೈದ್ಯರ ಕಣ್ಣು ಮೂರೂ ಒಟ್ಟಿಗಿರಬೇಕೆಂದು ನಾವು ಇದರಿಂದ ಗ್ರಹಿಸುತ್ತೇವೆ.

ಕ್ಯಾಸನೂರಿನಂಥ ಊರಲ್ಲಿ ಹೇಗೆ?

ಹೊಸ ಸಂಘವನ್ನೇನೂ ಕಟ್ಟಬೇಕಾಗಿಲ್ಲ. ಅನೇಕ ಊರುಗಳಲ್ಲಿ ಅಕ್ಕನ ಬಳಗಗಳಿವೆ. ಸ್ತ್ರೀಶಕ್ತಿ ಸಂಘಗಳಿಗೆ ವಾರಕ್ಕೊಮ್ಮೆ ಸೇರಿ ಉಳಿತಾಯದ ಹಣವನ್ನು ಪುಸ್ತಕದಲ್ಲಿ ಬರೆಯುವ ಅಭ್ಯಾಸ 2000ನೆಯ ಇಸವಿಯಿಂದಲೇ ಇದೆ. ಅದೇ ಬಗೆಯ ಇನ್ನೊಂದು ಪುಸ್ತಕ ತೆರೆದರಾಯಿತು. ಐದಾರು ಮಂದಿ ಸಾಕು. ಗಂಡಸರದು ಬೇರೆ, ಹೆಂಗಸರದು ಬೇರೆ ಇದ್ದರೆ ಮಾತು ಬಿಚ್ಚುವುದು ಸುಲಭ. ಸೋಮವಾರ ಸಂಜೆ ಒಂದೇ ತಕ್ಕಡಿಯಲ್ಲಿ ತೂಕ ನೋಡಬೇಕು. ಅಡಿಕೆ ಮೂಟೆ ತೂಗುವ ಯಂತ್ರವಾದರೂ ನಡೆದೀತು, ವಾರ ವಾರ ಅದೇ ಆಗಿರಬೇಕು ಅಷ್ಟೆ. ತೂಕವನ್ನು ಪುಸ್ತಕದಲ್ಲಿ ಬರೆಯಲಿ, ಗಟ್ಟಿಯಾಗಿ ಓದುವುದು ಬೇಡ. ಹೆಚ್ಚು ಇಳಿಸಿದವರಿಗೆ ಬಹುಮಾನ ಕೊಡುವ ಉತ್ಸಾಹವೂ ಬೇಡ. ಇಳಿಯದವರು ಮುಂದಿನ ವಾರ ಬರುವುದನ್ನೇ ಬಿಡುತ್ತಾರೆ. ಬರಲೇಬೇಕಾದವರು ಅವರೇ ಅಲ್ಲವೆ?

ಮೊದಲ ವಾರ ತೂಕ ಸರಸರನೆ ಇಳಿಯುತ್ತದೆ, ಅದರಲ್ಲಿ ದೊಡ್ಡ ಪಾಲು ದೇಹದ ನೀರು. ಮೂರು ನಾಲ್ಕನೆಯ ವಾರದ ಹೊತ್ತಿಗೆ ಇಳಿತ ನಿಧಾನವಾಗುತ್ತದೆ, “ಇಷ್ಟು ಕಷ್ಟಪಟ್ಟರೂ ಇಷ್ಟೇನಾ?” ಎಂಬ ಬೇಸರ ಹುಟ್ಟುವುದು ಆಗ. ಇದು ಹೀಗಾಗುತ್ತದೆಂದು ಮೊದಲ ಸಭೆಯಲ್ಲೇ ಹೇಳಿಟ್ಟರೆ ಅರ್ಧ ಬೇಸರ ಕಡಿಮೆ. ಸಭೆಯಲ್ಲಿ ಕೇಳಬೇಕಾದ ಮುಖ್ಯ ಪ್ರಶ್ನೆ, ಈ ವಾರ ಯಾರ ಮನೆಯಲ್ಲಿ ಏನು ಕಾರ್ಯವಿದೆ ಎಂಬುದು. ಏಕೆಂದರೆ ಹಬ್ಬವಿಲ್ಲದ ಹನ್ನೆರಡು ವಾರ ನಮ್ಮ ಪಂಚಾಂಗದಲ್ಲಿ ಸಿಗುವುದಿಲ್ಲ. ಮದುವೆಗಳಿಲ್ಲದ ಆಷಾಢವೇ ಆರಂಭಕ್ಕೆ ಒಳ್ಳೆಯದೆಂದುಕೊಂಡರೆ ಗದ್ದೆಯಲ್ಲಿ ನಾಟಿಯ ದುಡಿಮೆ; 850 ಕ್ಯಾಲೊರಿಯಲ್ಲಿ ದಿನವಿಡೀ ಕೆಸರಿನಲ್ಲಿ ಬಗ್ಗಿ ನಿಲ್ಲುವುದು ಸಲ್ಲದು. ಆಮೇಲೆ ನಾಗರಪಂಚಮಿಯ ಉಂಡೆ, ಗೌರಿ ಗಣೇಶ, ಮಹಾನವಮಿ, ಭೂಮಿ ಹುಣ್ಣಿಮೆಯ ಬುಟ್ಟಿಯ ಕಡುಬು, ದೀಪಾವಳಿ. ಅಷ್ಟರಲ್ಲಿ ಅಡಿಕೆ ಕೊಯ್ಲು. ಸಂಕ್ರಾಂತಿಯಿಂದ ಯುಗಾದಿಯವರೆಗಿನ ಅವಧಿ ಇದ್ದುದರಲ್ಲಿ ಮೇಲು, ಅಲ್ಲಿಯೂ ಜಾತ್ರೆಗಳಿವೆ. ಹಾಗಾಗಿ ಹಬ್ಬದ ದಿನ ಏನು ಮಾಡುವುದೆಂದು ಮೊದಲೇ ಒಟ್ಟಿಗೆ ತೀರ್ಮಾನಿಸಬೇಕು. ಪಂಕ್ತಿಯಲ್ಲಿ ಕೂರುವ ಬದಲು ಬಡಿಸಲು ನಿಲ್ಲುವುದು ಒಂದು ಉಪಾಯ. ಬಡಿಸುವವರಿಗೆ ಯಾರೂ ಬಡಿಸಲಾರರು. ಬಳಗದ ಇಬ್ಬರು ಆ ಮನೆಯವರಿಗೆ ಮುಂಚೆಯೇ ಹೇಳಿ ಬರುವುದು ಇನ್ನೊಂದು. ಬೇಡವೆನ್ನುವ ಹೊಣೆ ಆಗ ಒಬ್ಬರ ತಲೆಯ ಮೇಲಿರುವುದಿಲ್ಲ, ಮನೆಯೊಡತಿಗೂ ಅವಮಾನವೆನಿಸದು.

ವೈದ್ಯರಿಲ್ಲದೆ ಆರಂಭಿಸಬಾರದು

ಸಕ್ಕರೆ ಇಳಿಸುವ ಕೆಲವು ಮಾತ್ರೆಗಳನ್ನೋ ಇನ್ಸುಲಿನ್ನನ್ನೋ ತೆಗೆದುಕೊಳ್ಳುತ್ತ ಊಟವನ್ನು ಹಠಾತ್ತನೆ ಕಡಿಮೆ ಮಾಡಿದರೆ ರಕ್ತದ ಸಕ್ಕರೆ ಕುಸಿದು ಪ್ರಾಣಕ್ಕೆ ಬರಬಹುದು. ರಕ್ತದೊತ್ತಡದ ಮಾತ್ರೆಯನ್ನೂ ತಗ್ಗಿಸಬೇಕಾಗಬಹುದು, ಇಲ್ಲದಿದ್ದರೆ ಎದ್ದು ನಿಂತಾಗ ತಲೆಸುತ್ತು ಬಂದು ಬೀಳುವ ಭಯ. ಬ್ರಿಟನ್ನಿನ ಅಧ್ಯಯನದಲ್ಲಿ ಇಂಥ ಮಾತ್ರೆಗಳನ್ನು ಮೊದಲ ದಿನವೇ ನಿಲ್ಲಿಸಿದ್ದರು, ಆದರೆ ಅದು ವೈದ್ಯರ ನಿಗಾದಲ್ಲಿ. ನಾವಾಗಿ ನಿಲ್ಲಿಸುವುದು ಅಷ್ಟೇ ಅಪಾಯ. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಮಕ್ಕಳು, ಮೂತ್ರಪಿಂಡದ ತೊಂದರೆ ಇರುವವರು, ಈಚೆಗೆ ಹೃದಯಾಘಾತವಾದವರು ಇದರ ಗೊಡವೆಗೆ ಹೋಗಬಾರದು. ಮಲಬದ್ಧತೆ ಸಾಮಾನ್ಯ, ನೀರು ಹೆಚ್ಚು ಕುಡಿಯಬೇಕು. ವೇಗವಾಗಿ ತೂಕ ಇಳಿದಾಗ ಪಿತ್ತಕೋಶದಲ್ಲಿ ಕಲ್ಲು ಆಗುವುದೂ ಉಂಟು. 30 ವರ್ಷ ದಾಟಿದವರಿಗೆ ಸಕ್ಕರೆ, ರಕ್ತದೊತ್ತಡಗಳ ತಪಾಸಣೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿದೆ. ಸೊರಬ, ಶಿಕಾರಿಪುರಗಳ ತಾಲ್ಲೂಕು ಆಸ್ಪತ್ರೆಗೆ ಬಳಗದವರು ಒಟ್ಟಿಗೇ ಹೋಗಿ ಬಂದರೆ ಬಸ್ಸಿನಲ್ಲೇ ಮೊದಲ ಸಭೆ ಆದಂತೆ.

ಪುಡಿಯ ಆಯ್ಕೆಯಲ್ಲೂ ಎಚ್ಚರ ಬೇಕು. 1976-77ರ ಸುಮಾರಿಗೆ ಅಮೆರಿಕದಲ್ಲಿ ದ್ರವ ಪ್ರೋಟೀನಿನ ಪಥ್ಯವೊಂದು ಭಾರಿ ಪ್ರಚಾರ ಪಡೆಯಿತು. ದನದ ತೊಗಲು ಮುಂತಾದವುಗಳಿಂದ ತೆಗೆದ ಆ ಕೀಳು ಪ್ರೋಟೀನನ್ನಷ್ಟೇ ಕುಡಿದು ಬದುಕಿದವರಲ್ಲಿ ಹತ್ತಾರು ಮಂದಿ ಸತ್ತರು, ಹಲವರು ಹೃದಯದ ಬಡಿತ ತಪ್ಪಿ. ಈಗಿನ ಒಳ್ಳೆಯ ಪುಡಿಗಳು ಹಾಗಲ್ಲವಾದರೂ ಡಬ್ಬಿಯ ಮೇಲೆ ಹಸಿರು ಚುಕ್ಕೆ, ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಗಳ ಪರವಾನಗಿ ಸಂಖ್ಯೆ ಇವೆಯೇ ಎಂದು ನೋಡಬೇಕು. ಅದು ಇಡೀ ದಿನದ ಊಟಕ್ಕೆ ಬದಲಿಯೋ, ಒಂದು ಹೊತ್ತಿಗೆ ಮಾತ್ರವೋ ಎಂದು ವೈದ್ಯರಿಗೆ ತೋರಿಸಿ ಕೇಳಬೇಕು. ಮನೆಯ ರಾಗಿ ಅಂಬಲಿಯನ್ನೇ ನಾಲ್ಕು ಹೊತ್ತು ಕುಡಿದರಾಯಿತೆಂದು ಯಾರೂ ಭಾವಿಸಬಾರದು, ಹನ್ನೆರಡು ವಾರಕ್ಕೆ ಬೇಕಾದ ಪ್ರೋಟೀನು ಅದರಲ್ಲಿಲ್ಲ. ಪುಡಿ ಮಾರುವವರೇ ನಡೆಸುವ ಕೂಟಗಳೂ ಇವೆ. ಅಲ್ಲಿ ಉತ್ಸಾಹಕ್ಕೆ ಕೊರತೆಯಿಲ್ಲ. ಆದರೆ ಬಳಗದ ಮುಖಂಡರ ಸಂಪಾದನೆ ನೀವು ಕೊಳ್ಳುವ ಡಬ್ಬಿಯ ಮೇಲೆ ನಿಂತಿದ್ದರೆ, ಸಾಕು ನಿಲ್ಲಿಸಿ ಎಂದು ಹೇಳುವವರು ಆ ಕೂಟದಲ್ಲಿ ಇರುವುದಿಲ್ಲ.

ಹನ್ನೆರಡು ವಾರ ಮುಗಿದ ಮೇಲೆ ಊಟಕ್ಕೆ ಮರಳುವುದೂ ಒಮ್ಮೆಲೇ ಆಗಬಾರದು. ಮೊದಲು ಮಧ್ಯಾಹ್ನ ಒಂದು ಹೊತ್ತು ಮಾತ್ರ ಊಟ, ಉಳಿದ ಹೊತ್ತು ಪುಡಿ. ಹೀಗೆ ಎರಡರಿಂದ ಎಂಟು ವಾರಗಳಲ್ಲಿ ಒಂದೊಂದೇ ಲೋಟದ ಜಾಗಕ್ಕೆ ತಟ್ಟೆ ಬರುತ್ತದೆ. ತಟ್ಟೆಯಲ್ಲಿ ಒಂದು ರೊಟ್ಟಿ, ಅದರ ಎರಡರಷ್ಟು ಸೊಪ್ಪು ತರಕಾರಿ, ಒಂದು ಬಟ್ಟಲು ಕಾಳಿನ ಪಲ್ಯ, ಮಜ್ಜಿಗೆ. ಸೋಮವಾರದ ಪುಸ್ತಕ ಮುಚ್ಚಬಾರದು, ವಾರಕ್ಕೊಮ್ಮೆ ಇದ್ದದ್ದು ತಿಂಗಳಿಗೊಮ್ಮೆ ಆಗಲಿ. ತೂಕ ಎರಡು ಕಿಲೊ ಏರಿತೆಂದು ಪುಸ್ತಕ ಹೇಳಿದರೆ ಅವರನ್ನು ಬೈಯುವ ಅಗತ್ಯವಿಲ್ಲ. ವೈದ್ಯರನ್ನು ಕೇಳಿ ಎರಡರಿಂದ ನಾಲ್ಕು ವಾರ ಒಂದೆರಡು ಹೊತ್ತಿಗೆ ಮತ್ತೆ ಪುಡಿಗೆ ಮರಳುವುದೆಂದು ಆರಂಭದ ದಿನವೇ ಬರೆದಿಟ್ಟುಕೊಂಡಿರಬೇಕು. ಸಭೆಗೆ ಎರಡು ಸಲ ಬಾರದವರ ಮನೆಗೆ ಬಳಗದ ಒಬ್ಬರು ಹೋಗಿ ಬರಲಿ, ತಕ್ಕಡಿಯನ್ನು ಮಾತ್ರ ಒಯ್ಯುವುದು ಬೇಡ.